ಮಾತ್ರೆ ಯಾರಿಗೆ?

ನಮ್ಮೂರ ಕಡೆ ವಯಸ್ಸಾದವರು ಹೇಳಿದ್ದನ್ನೇ ಹೇಳಿದರೆ, ಇಟ್ಟ ವಸ್ತು ಎಲ್ಲಿ ಅಂತ ಮರೆತರೆ, 'ಅರವತ್ತಕ್ಕೆ ಅರಳು ಮರಳು' ಅಂದು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಮರೆವಿನ ಮಟ್ಟಿಗೆ ಆ ಗಾದೆ ಸಾಕು. ಮೊಮ್ಮಗಳ ಹೆಸರು ಮರೆತರೆ ಮನೆಯವರು ನಕ್ಕು ನೆನಪಿಸುತ್ತಾರೆ. ಊಟ ಮಾಡಿದ್ದು ಮರೆತು ಮತ್ತೆ ತಟ್ಟೆ ಮುಂದೆ ಕೂತರೆ ಇನ್ನೊಂದು ತುತ್ತು ಬಡಿಸುತ್ತಾರೆ. ಮನೆ ಅಲ್ಲಾಡೋದು ಮರೆವಿನಿಂದಲ್ಲ. ನಡುರಾತ್ರಿ ಎದ್ದು ಬಾಗಿಲು ಬಡಿಯುವುದರಿಂದ, ಸೊಸೆ ದುಡ್ಡು ಕದ್ದಳು ಅಂತ ಕೂಗುವುದರಿಂದ, ಸ್ನಾನಕ್ಕೆ ಕರೆದರೆ ಕೈ ಎತ್ತುವುದರಿಂದ, ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು 'ಯಾರೇ ನೀನು' ಅಂತ ಕೇಳುವುದರಿಂದ.

ಈ ಕಾಯಿಲೆಯ ಚರಿತ್ರೆ ಶುರುವಾಗುವುದೂ ಅಲ್ಲಿಂದಲೇ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಊರಿನ ಮಾನಸಿಕ ಆಸ್ಪತ್ರೆಗೆ ಆಗಸ್ಟ್ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಸೇರಿಸಿದರು. ಆಕೆಯ ಗಂಡ ಮೊದಲು ಗಮನಿಸಿದ್ದು ಮರೆವನ್ನಲ್ಲ, ತನ್ನ ಮೇಲೆ ಆಕೆಗೆ ಹುಟ್ಟಿದ ಸಂಶಯವನ್ನು. ಆಕೆಯನ್ನು ನೋಡಿದ ಡಾಕ್ಟರ್ ಅಲೋಯಿಸ್ ಆಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ, ಕಂಡದ್ದನ್ನು ಒಂದು ಸಭೆಯಲ್ಲಿ ಹೇಳಿದರು. 1910ರಲ್ಲಿ ಕಾಯಿಲೆಗೆ ಅವರ ಹೆಸರೇ ಬಂತು. ನೂರಿಪ್ಪತ್ತು ವರ್ಷ ಕಳೆದರೂ, ಮನೆಯವರು ಡಾಕ್ಟರ ಮುಂದೆ ಕೂತು ಕೇಳುವ ಪ್ರಶ್ನೆ ಅದೇ. "ನೆನಪು ಹೋದರೆ ಹೋಗಲಿ ಡಾಕ್ಟ್ರೇ, ಈ ಗಲಾಟೆಗೆ ಏನು ಮಾಡೋದು?"

2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ. ಹತ್ತಿರಹತ್ತಿರ 88 ಲಕ್ಷ ಜನ. ಅದರಲ್ಲಿ ನಮ್ಮಪ್ಪನೂ ಒಬ್ಬ.

ಅಪ್ಪ ತಿಪಟೂರು ಕಡೆಯ ತೆಂಗು ಬೆಳೆಗಾರ. ನಾಲ್ಕು ಎಕರೆ ತೋಟ, ಒಂದು ಬೋರ್‌ವೆಲ್, ಮನೆಯ ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಹಬ್ಬದ ನಾಟಕದಲ್ಲಿ ಶಕುನಿ ಪಾತ್ರ. 70ನೇ ವರ್ಷಕ್ಕೆ ಲೆಕ್ಕ ತಪ್ಪತೊಡಗಿತು, 72ಕ್ಕೆ ಸಂತೆಯಿಂದ ಮನೆಗೆ ಬರುವ ದಾರಿ ತಪ್ಪಿತು. ಅಪ್ಪ ಅಮ್ಮ ಇಬ್ಬರನ್ನೂ ಬೆಂಗಳೂರಿಗೆ ಕರೆತಂದೆವು. ಹಳ್ಳಿಯಿಂದ ಬಂದು ಇಲ್ಲಿ ನೌಕರಿ ಹಿಡಿದ ನಮ್ಮ ತಲೆಮಾರಿನ ಬಹಳ ಮನೆಗಳಲ್ಲಿ ಹೀಗೇ ಆಗುತ್ತಿದೆ. ಎರಡು ಬೆಡ್‌ರೂಮಿನ ಫ್ಲಾಟು, ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ, ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತ ರೈತ.

ಬಂದ ಎರಡನೇ ತಿಂಗಳಿಗೆ ರಾತ್ರಿ ಏಳೋದು ಶುರುವಾಯಿತು. ಎರಡು ಗಂಟೆ ಸುಮಾರಿಗೆ ಅಪ್ಪ ಎದ್ದು, ಪಂಚೆ ಎತ್ತಿ ಕಟ್ಟಿ, ಬಾಗಿಲ ಚಿಲಕ ಎಳೆಯುತ್ತಿದ್ದ. "ಬಿಡ್ರೋ, ತ್ರೀಫೇಸ್ ಬಂದೈತೆ. ನೀರು ತಿರುಗಿಸ್ಬೇಕು." ತಡೆದರೆ ಕೋಪ. ಅಮ್ಮ ಅಡ್ಡ ನಿಂತರೆ ನೂಕುತ್ತಿದ್ದ. ಬೆಳಗ್ಗೆ ಸ್ನಾನದ ಹೊತ್ತಿಗೆ ಇನ್ನೊಂದು ಯುದ್ಧ. ಸಂಜೆ ಐದಾದರೆ 'ಮನೆಗೆ ಹೋಗಣ ನಡಿ' ಅಂತ ಚಡಪಡಿಕೆ.

ಮೊದಲು ತೋರಿಸಿದ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ರಾತ್ರಿ ಮಲಗುತ್ತಾರಾ, ಕೈ ಮಾಡುತ್ತಾರಾ. ಚೀಟಿಯಲ್ಲಿ ಒಂದು ಆಂಟಿಸೈಕೋಟಿಕ್ ಮಾತ್ರೆ ಬರೆದರು. ಎಷ್ಟು ದಿನ ಅಂತ ಬರೆದಿರಲಿಲ್ಲ. ಮಾತ್ರೆ ಕೆಲಸ ಮಾಡಿತು ಅಂತಲೇ ಹೇಳಬೇಕು. ಅಪ್ಪ ರಾತ್ರಿ ಮಲಗಿದ. ಹಗಲೂ ಮಲಗಿದ. ಮೂರು ವಾರಕ್ಕೆ ಕಾಲೆಳೆದುಕೊಂಡು ನಡೆಯತೊಡಗಿದ, ಬಾಯಿಂದ ಜೊಲ್ಲು, ಮುಖ ಮರದ ಬೊಂಬೆಯ ಹಾಗೆ. ಅದನ್ನು ಹೇಳಿದ್ದಕ್ಕೆ ಬಿಗಿತ ಕಡಿಮೆ ಮಾಡಲು ಟ್ರೈಹೆಕ್ಸಿಫೆನಿಡಿಲ್ ಅನ್ನೋ ಇನ್ನೊಂದು ಮಾತ್ರೆ ಸೇರಿತು. ಈ ಎರಡನೆಯದರ ವಿಷಯ ಕೇಳಿ. ನೆನಪಿನ ಶಕ್ತಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಆಲ್ಝೈಮರ್ ಬಂದವರ ಮಿದುಳಲ್ಲಿ ಮೊದಲೇ ಕಡಿಮೆ. ಅದನ್ನು ಉಳಿಸಲು ಡೊನೆಪೆಜಿಲ್ ಕೊಡುತ್ತಾರೆ. ಟ್ರೈಹೆಕ್ಸಿಫೆನಿಡಿಲ್ ಮಾಡುವುದು ಅದೇ ರಾಸಾಯನಿಕದ ಕೆಲಸವನ್ನು ತಡೆಯುವುದು. ಒಂದೇ ಚೀಟಿಯಲ್ಲಿ ಎರಡೂ ಇದ್ದವು. ನಮ್ಮ ಕೆಲಸದಲ್ಲಿ ಒಂದು ಪ್ಯಾಚ್ ಹಾಕಿ, ಅದರಿಂದ ಹುಟ್ಟಿದ ತೊಂದರೆಗೆ ಇನ್ನೊಂದು ಪ್ಯಾಚ್ ಹಾಕಿ, ಮೂಲ ಸಮಸ್ಯೆ ಏನಿತ್ತು ಅನ್ನೋದನ್ನೇ ಎಲ್ಲರೂ ಮರೆಯುವುದುಂಟು. ಅದು ಅಪ್ಪನ ಮೈಮೇಲೆ ನಡೆಯುತ್ತಿತ್ತು. ಒಂದು ಬೆಳಗ್ಗೆ ಬಚ್ಚಲಿಗೆ ಹೋಗುವಾಗ ಬಿದ್ದು ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿತ್ತು.

ಆಮೇಲೆ ವಯಸ್ಸಾದವರನ್ನೇ ನೋಡುವ ಮನೋವೈದ್ಯರೊಬ್ಬರ ಹತ್ತಿರ ಹೋದೆವು. ಈ ಲೇಖನದ ತಲೆಬರಹ ಅವರ ಪ್ರಶ್ನೆ. ಚೀಟಿ ನೋಡಿ ಅಮ್ಮನ ಕಡೆ ತಿರುಗಿ ಕೇಳಿದರು. "ಈ ಮಾತ್ರೆ ಯಾರಿಗಮ್ಮಾ? ಅವರಿಗಾ, ನಿಮಗಾ?" ಗದರಿಸಿದ ಧಾಟಿ ಅಲ್ಲ. ನಿಜಕ್ಕೂ ತಿಳಿಯೋದಿಕ್ಕೆ ಕೇಳಿದ್ದು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ರಿಗೇನೂ ಬೇಕಾಗಿರ್ಲಿಲ್ಲ ಸ್ವಾಮಿ. ನಮಗೆ ನಿದ್ದೆ ಬೇಕಾಗಿತ್ತು" ಅಂದಳು.

ಆ ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೆ ತೆರುವ ಬೆಲೆ ಎಷ್ಟು ಅಂತ ಗೊತ್ತಿರಬೇಕು. ಈ ಮಾತ್ರೆಗಳು ಮೂಲದಲ್ಲಿ ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಿಗೆ ಬಂದವು. ಡಿಮೆನ್ಷಿಯಾ ಇರುವ ವೃದ್ಧರ ಮೇಲೆ ನಡೆದ 17 ಪ್ರಯೋಗಗಳನ್ನು ಒಟ್ಟು ನೋಡಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಎಚ್ಚರಿಕೆ ಕೊಟ್ಟಿತು. ಸುಮಾರು ಹತ್ತು ವಾರದ ಪ್ರಯೋಗದಲ್ಲಿ ಬರೀ ಸಕ್ಕರೆ ಮಾತ್ರೆಯಂಥದ್ದನ್ನು ತೆಗೆದುಕೊಂಡವರಲ್ಲಿ ನೂರಕ್ಕೆ 2.6 ಜನ ಸತ್ತಿದ್ದರೆ, ನಿಜವಾದ ಮಾತ್ರೆ ತೆಗೆದುಕೊಂಡವರಲ್ಲಿ 4.5. ಹೃದಯದ ತೊಂದರೆ, ನ್ಯುಮೋನಿಯಾದಂಥ ಸೋಂಕು ಹೆಚ್ಚಿನ ಕಾರಣ. 2008ರಲ್ಲಿ ಹಾಲೋಪೆರಿಡಾಲ್‌ನಂಥ ಹಳೆಯ ಮಾತ್ರೆಗಳಿಗೂ ಅದೇ ಎಚ್ಚರಿಕೆ ಬಂತು. 2006ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಒಲಾಂಝಪಿನ್, ಕ್ವಿಟಿಯಾಪಿನ್, ರಿಸ್ಪೆರಿಡೋನ್ ಮೂರನ್ನೂ ಆಲ್ಝೈಮರ್ ಇದ್ದ 421 ಜನರ ಮೇಲೆ ನೋಡಿದರು. ಸ್ವಲ್ಪ ಲಾಭವಿತ್ತು, ಆದರೆ ಅಡ್ಡಪರಿಣಾಮಗಳು ಆ ಲಾಭವನ್ನು ತಿಂದುಹಾಕಿದವು ಅನ್ನೋದು ಅವರ ತೀರ್ಮಾನ.

ಬ್ರಿಟನ್ನಿನಲ್ಲಿ ಸರ್ಕಾರಕ್ಕಾಗಿ ಸುಬೆ ಬ್ಯಾನರ್ಜಿ ಎಂಬ ಮನೋವೈದ್ಯರು 2009ರಲ್ಲಿ ಲೆಕ್ಕ ಹಾಕಿದರು. ಡಿಮೆನ್ಷಿಯಾ ಇರುವ 1,80,000 ಜನ ಒಂದು ವರ್ಷದಲ್ಲಿ ಈ ಮಾತ್ರೆ ಪಡೆಯುತ್ತಿದ್ದಾರೆ. ಅವರಲ್ಲಿ ಏನಾದರೂ ಉಪಯೋಗ ಆಗುವುದು ಸುಮಾರು 36,000 ಜನರಿಗೆ. ಅಂದರೆ ಐವರಲ್ಲಿ ಒಬ್ಬರಿಗೆ. ಮಾತ್ರೆಯ ಕಾರಣಕ್ಕೇ ಹೆಚ್ಚುವರಿ ಸಾವು 1,800, ಪಾರ್ಶ್ವವಾಯುವಿನಂಥ ಘಟನೆ 1,620. ಹಾಗಂತ ಮಾತ್ರೆಯನ್ನು ನಿಷೇಧಿಸಿ ಅಂತ ಆ ವರದಿ ಹೇಳಲಿಲ್ಲ. ನಿಜಕ್ಕೂ ಬೇಕಾದವರಿಗೆ ಮಾತ್ರ ಕೊಡಿ, ಉಳಿದವರಿಗೆ ಬೇರೆ ದಾರಿ ಹುಡುಕಿ ಅಂತ ಅದರ ಸಾರ.

ಆ ಬೇರೆ ದಾರಿ ಯಾವುದು? ಔಷಧಿಯಿಲ್ಲದ ಚಿಕಿತ್ಸೆ ಅಂದ ಕೂಡಲೇ ನಮ್ಮಂಥವರ ತಲೆಗೆ ಬರುವುದು ಸಂಗೀತ, ಯೋಗ, ಪ್ರೀತಿ ಮುಂತಾದ ಮೆತ್ತನೆಯ ಮಾತು. ಡಾಕ್ಟರು ಹೇಳಿದ್ದು ಅದಲ್ಲ. "ಎರಡು ವಾರ ಬರೆದು ತನ್ನಿ" ಅಂದರು. ಗಲಾಟೆ ಎಷ್ಟು ಹೊತ್ತಿಗೆ ಆಯಿತು, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ಅಪ್ಪ ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು. ಇದಕ್ಕೆ ವೈದ್ಯರ ಲೋಕದಲ್ಲಿ ಒಂದು ಕ್ರಮವೇ ಇದೆ. ಇಂಗ್ಲಿಷಿನ ನಾಲ್ಕು ಮೊದಲಕ್ಷರ ಸೇರಿಸಿ 'ಡೈಸ್' ಅನ್ನುತ್ತಾರೆ. ಆದದ್ದನ್ನು ವಿವರಿಸು, ಕಾರಣ ಹುಡುಕು, ಉಪಾಯ ಮಾಡು, ಕೆಲಸ ಮಾಡಿತಾ ನೋಡು. ಬಗ್ ಹುಡುಕುವ ಎಲ್ಲರಿಗೂ ಗೊತ್ತಿರುವ ಕ್ರಮವೇ. ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡುವವನನ್ನು ನಮ್ಮ ಟೀಮಿನಲ್ಲಿ ಯಾರೂ ಮೆಚ್ಚುವುದಿಲ್ಲ.

ಅಮ್ಮ ಹೇಳಿದಳು, ನಾನು ಬರೆದೆ. ಒಂಬತ್ತನೇ ದಿನಕ್ಕೆ ಎರಡು ಗಂಟೆಯ ಗುಟ್ಟು ಸಿಕ್ಕಿತು. ಅಪ್ಪ ಎಲ್ಲ ರಾತ್ರಿಯೂ ಏಳುತ್ತಿರಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಏಳುತ್ತಿದ್ದ. ನಮ್ಮ ಬಡಾವಣೆಗೆ ಕಾವೇರಿ ನೀರು ಬಿಡುತ್ತಿದ್ದದ್ದು ದಿನ ಬಿಟ್ಟು ದಿನ, ಅದೂ ರಾತ್ರಿ. ಸಂಪು ತುಂಬಿದ ಮೇಲೆ ಸೆಕ್ಯೂರಿಟಿಯವರು ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸುತ್ತಿದ್ದರು. ಪಂಪ್ ಇರೋದು ನಮ್ಮ ಮೊದಲ ಮಹಡಿಯ ಮಲಗುವ ಕೋಣೆಯ ಕೆಳಗೆ. ಸ್ಟಾರ್ಟರ್ 'ಟಕ್' ಅನ್ನುತ್ತದೆ, ಮೋಟರ್ ಗುಂಯ್ ಅನ್ನುತ್ತದೆ, ಪೈಪಿನೊಳಗೆ ನೀರು ಏರುವ ಸದ್ದು.

ತೋಟ ಇದ್ದವರಿಗೆ ಮುಂದಿನದ್ದು ಹೇಳಬೇಕಿಲ್ಲ. ಹಳ್ಳಿಯಲ್ಲಿ ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟ್ ಬರುತ್ತಿದ್ದದ್ದೇ ಅಪರಾತ್ರಿ. ಮೂವತ್ತು ವರ್ಷ ಅಪ್ಪ ಆ ಕರೆಂಟಿಗಾಗಿ ಅರೆನಿದ್ದೆಯಲ್ಲಿ ಮಲಗಿದವನು. ಸದ್ದು ಕೇಳಿದರೆ ಬ್ಯಾಟರಿ, ಗುದ್ದಲಿ ಹಿಡಿದು ಹೊರಟು, ಒಂದು ಸಾಲಿನ ಪಾತಿ ತುಂಬಿದ ಮೇಲೆ ಮುಂದಿನ ಸಾಲಿಗೆ ನೀರು ತಿರುಗಿಸಿ, ಕರೆಂಟ್ ಹೋಗುವ ತನಕ ನಿಂತಿರುತ್ತಿದ್ದ. ಹೋಗದಿದ್ದರೆ ಬೇಸಿಗೆಯಲ್ಲಿ ಮರ ಒಣಗುತ್ತಿತ್ತು, ನಮ್ಮ ಫೀಸೂ ಅದೇ ಮರದಿಂದ ಬರುತ್ತಿತ್ತು. ವೈದ್ಯಕೀಯ ಪುಸ್ತಕದಲ್ಲಿ ಇದರ ಹೆಸರು ರಾತ್ರಿಯ ಅಲೆದಾಟ. ಅಪ್ಪನ ಪ್ರಕಾರ ಅವನೊಬ್ಬನೇ ಆ ಮನೆಯಲ್ಲಿ ಎಚ್ಚರವಾಗಿದ್ದವನು, ನಾವೆಲ್ಲ ಸೇರಿ ಅವನ ಕೆಲಸ ಕೆಡಿಸುತ್ತಿದ್ದೆವು.

ಅಪಾರ್ಟ್‌ಮೆಂಟ್ ಸಂಘದವರಿಗೆ ಹೇಳಿದೆವು. ಮೋಟರ್ ಬೆಳಗ್ಗೆ ಐದೂವರೆಗೆ ಬದಲಾಯಿತು. ಅದಕ್ಕೆ ಮೊದಲು ಟ್ಯಾಂಕು ಖಾಲಿಯಾದ ರಾತ್ರಿಗಳಲ್ಲಿ ಹಾಕಲೇಬೇಕಾದಾಗ, ಅಮ್ಮ ಅಡ್ಡ ನಿಲ್ಲುವುದನ್ನು ಬಿಟ್ಟಳು. "ಆಳು ಬಂದವ್ನೆ, ನೀರು ತಿರುಗಿಸ್ತಾವ್ನೆ. ನೀವು ಮಲಗಿ" ಅಂತಿದ್ದಳು. ಇದು ಸುಳ್ಳು ಅಂತ ಅಕ್ಕನಿಗೆ ಕಸಿವಿಸಿ. 'ಇದು ಬೆಂಗಳೂರು, ತೋಟ ಇಲ್ಲ' ಅನ್ನೋದು ನಿಜ. ಆ ನಿಜ ಹೇಳಿದಾಗಲೆಲ್ಲ ಅಪ್ಪ ಹೆದರುತ್ತಿದ್ದ, ತೋಟ ಯಾರು ಮಾರಿದರು ಅಂತ ಕೂಗುತ್ತಿದ್ದ. ಅಮ್ಮನ ಮಾತಿಗೆ ಒಂದು ಲೋಟ ಬಿಸಿ ಹಾಲು ಕುಡಿದು ಮಲಗುತ್ತಿದ್ದ. ತೋಟಕ್ಕೆ ನೀರು ಬಿದ್ದರೆ ಅವನಿಗೆ ಸಾಕಾಗಿತ್ತು.

ಸ್ನಾನದ ಜಗಳಕ್ಕೆ ಕಾರಣ ಸಿಕ್ಕಿದ್ದು ಬೇರೆ ಕಡೆ. ಬರೆದದ್ದನ್ನು ಓದಿದ ಡಾಕ್ಟರು, ಅಪ್ಪ ಹೊಡೆಯುವುದು ನೀರು ಹಾಕುವಾಗ ಅಲ್ಲ, ಅಂಗಿ ಬಿಚ್ಚುವಾಗ ಅನ್ನೋದನ್ನು ಗಮನಿಸಿದರು. ಬಲಗೈ ಎತ್ತಿಸಿ ನೋಡಿದರು. ಭುಜ ಬಿಗಿದುಹೋಗಿತ್ತು. ನೋವು ಅಂತ ಹೇಳುವ ಮಾತು ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಸಿಗುತ್ತಿರಲಿಲ್ಲ, ಕೈ ಸಿಗುತ್ತಿತ್ತು. ನಾರ್ವೆ ದೇಶದ ವೃದ್ಧಾಶ್ರಮಗಳಲ್ಲಿ 352 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ತೋರಿಸಿದೆ. ಡಿಮೆನ್ಷಿಯಾ ಇದ್ದು ಕೆರಳುತ್ತಿದ್ದವರಿಗೆ ಎಂಟು ವಾರ ನೋವಿನ ಚಿಕಿತ್ಸೆಯನ್ನು ಹಂತಹಂತವಾಗಿ ಕೊಟ್ಟರು. ಹೆಚ್ಚಿನವರಿಗೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್. ಕೆರಳುವುದು ಶೇಕಡಾ 17ರಷ್ಟು ಇಳಿಯಿತು. ಅಪ್ಪನಿಗೂ ಸ್ನಾನಕ್ಕೆ ಮುಕ್ಕಾಲು ಗಂಟೆ ಮುಂಚೆ ಪ್ಯಾರಾಸಿಟಮಾಲ್, ತಲೆಯ ಮೇಲಿಂದ ಎಳೆಯುವ ಬನಿಯನ್ ಬದಲು ಮುಂದೆ ಗುಂಡಿ ಇರುವ ಅಂಗಿ, ಶವರ್ ಬದಲು ಬಕೆಟ್ಟು ಚೊಂಬು. ಇಲ್ಲಿ ಔಷಧಿ ಎಲ್ಲಿ ಮುಗಿಯಿತು, ಔಷಧಿಯಿಲ್ಲದ ದಾರಿ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋಕೆ ಆಗೋದಿಲ್ಲ. ಹೀಗೆ ದಿಢೀರ್ ಅಂತ ವರ್ತನೆ ಬದಲಾದಾಗ ಮೊದಲು ನೋಡಬೇಕಾದ್ದು ಇಂಥವೇ. ನೋವು, ಮೂತ್ರದ ಸೋಂಕು, ಮಲಬದ್ಧತೆ, ಹೊಸದಾಗಿ ಸೇರಿದ ಯಾವುದಾದರೂ ಮಾತ್ರೆ, ಕಿವಿ, ಕನ್ನಡಕ.

ಸಂಜೆಯ ಚಡಪಡಿಕೆಗೆ ಕೆಲಸ ಬೇಕಿತ್ತು. ಊರಿಂದ ಒಣಗಿದ ತೆಂಗಿನ ಗರಿ ಒಂದು ಹೊರೆ ತರಿಸಿದೆವು. ನಾಲ್ಕು ಗಂಟೆಗೆ ಅಪ್ಪ ಬಾಲ್ಕನಿಯಲ್ಲಿ ಕೂತು ಗರಿ ಸೀಳಿ ಕಡ್ಡಿ ತೆಗೆಯತೊಡಗಿದ. ಹತ್ತಕ್ಕೆ ಐದು ಹೇಳಲಾಗದ ಮನುಷ್ಯನ ಬೆರಳುಗಳು ಒಂದು ಕಡ್ಡಿಯನ್ನೂ ಮುರಿಯಲಿಲ್ಲ. ನಮ್ಮ ಬ್ಲಾಕಿನ ಅರ್ಧಕ್ಕರ್ಧ ಮನೆಗಳಲ್ಲಿ ಈಗ ಅಪ್ಪ ಕಟ್ಟಿದ ಪೊರಕೆ ಇದೆ. ಜೊತೆಗೆ ಫೋನಿನಲ್ಲಿ ಊರಿನ ಕುರುಕ್ಷೇತ್ರ ನಾಟಕದ ರೆಕಾರ್ಡಿಂಗ್. ಹಾರ್ಮೋನಿಯಂ ಶುರುವಾದರೆ ಶಕುನಿಗೆ ತನ್ನ ಮಾತು ನೆನಪಾಗುತ್ತಿತ್ತು.

ಇಷ್ಟಕ್ಕೆ ನಿಲ್ಲಿಸಿದರೆ ಈ ಬರಹ ವಾಟ್ಸಾಪಿನಲ್ಲಿ ಓಡಾಡುವ ಸಿಹಿ ಕಥೆ ಆಗುತ್ತದೆ. ನಡೆದದ್ದು ಹಾಗಲ್ಲ.

ಮೇಲೆ ಹೇಳಿದ್ದನ್ನೆಲ್ಲ ಮಾಡಿದ್ದು ಯಾರು? ಬರೆದದ್ದು ನಾನು, ಸಂಘಕ್ಕೆ ಮೇಲ್ ಹಾಕಿದ್ದು ನನ್ನ ಹೆಂಡತಿ. ಉಳಿದ ಇಪ್ಪತ್ತಮೂರು ಗಂಟೆ ಅಮ್ಮ. ಸ್ನಾನಕ್ಕೆ ಅರ್ಧ ಗಂಟೆ ಮಾತಾಡಿ ಒಲಿಸುವವಳು, ಗರಿಯ ಹೊರೆ ಬಿಚ್ಚಿ ಕೊಟ್ಟು ಕಸ ಗುಡಿಸುವವಳು, ಒಂದೇ ಪ್ರಶ್ನೆಗೆ ನೂರು ಸಲ ಅದೇ ಉತ್ತರ ಕೊಡುವವಳು, 64 ವರ್ಷದ, ಬಿಪಿ ಇರುವ ಅಮ್ಮ. 'ಔಷಧಿಯಿಲ್ಲದ ವಿಧಾನ' ಅಂತ ಕಾಗದದ ಮೇಲೆ ಬರೆದದ್ದು ಬಹಳ ಮನೆಗಳಲ್ಲಿ ಒಬ್ಬ ಹೆಂಗಸಿನ ಹೆಸರು. ಮಾತ್ರೆಯ ಅಡ್ಡಪರಿಣಾಮಗಳ ಪಟ್ಟಿ ಡಬ್ಬಿಯೊಳಗೆ ಅಚ್ಚಾಗಿ ಬರುತ್ತದೆ. ಈ ವಿಧಾನದ ಅಡ್ಡಪರಿಣಾಮ ಅಮ್ಮನ ಮಂಡಿಯಲ್ಲಿ, ನಿದ್ದೆಯಲ್ಲಿ, ಸಕಾಲಕ್ಕೆ ತೋರಿಸದೆ ಉಳಿದ ಅವಳದೇ ಕಣ್ಣಿನ ಪೊರೆಯಲ್ಲಿ ಇರುತ್ತದೆ, ಅದನ್ನು ಯಾರೂ ಅಚ್ಚು ಹಾಕುವುದಿಲ್ಲ.

ಗೋವಾದ ಎರಡು ತಾಲ್ಲೂಕುಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅರ್ಥ ಮಾಡಿಕೊಂಡಿತ್ತು. 81 ಕುಟುಂಬಗಳು. ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಮನೆಗೇ ಹೋಗಿ, ಕಾಯಿಲೆ ಏನು ಅಂತ ತಿಳಿಸಿ, ಇಂಥ ಗಲಾಟೆ ಆದಾಗ ಏನು ಮಾಡಬೇಕು ಅಂತ ಹೇಳಿಕೊಟ್ಟು, ಬೇಕಾದಾಗ ಮನೋವೈದ್ಯರಿಗೆ ತೋರಿಸಲು ನೆರವಾದರು. ಫಲಿತಾಂಶ ಕುತೂಹಲದ್ದು. ಸ್ಪಷ್ಟವಾಗಿ ಸುಧಾರಿಸಿದ್ದು ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ. ರೋಗಿಗಳ ವರ್ತನೆಯಲ್ಲಿ ಖಚಿತವಾಗಿ ಹೇಳುವಂಥ ಬದಲಾವಣೆ ಕಾಣಲಿಲ್ಲ. ಗಲಾಟೆ ಅಷ್ಟೇ ಇದ್ದರೂ ಅದನ್ನು ಹೊರುವವರ ಭಾರ ಇಳಿಯಬಹುದು ಅಂತ ಇದರ ಅರ್ಥ. ನನಗೆ ಇದು ದೊಡ್ಡ ಸಂಗತಿ ಅನ್ನಿಸುತ್ತದೆ. ನಾವು ಯಾವಾಗಲೂ ಅಪ್ಪನನ್ನು ಹೇಗೆ ಸುಮ್ಮನಿರಿಸೋದು ಅಂತಲೇ ಕೇಳುತ್ತೇವೆ. ಅಮ್ಮನಿಗೆ ಯಾರು ಜೊತೆಯಾಗುತ್ತಾರೆ ಅನ್ನೋದೂ ಅಷ್ಟೇ ದೊಡ್ಡ ಚಿಕಿತ್ಸೆ.

ಇದೆಲ್ಲ ಇದ್ದೂ, ಕಳೆದ ವರ್ಷ ಮಳೆಗಾಲದಲ್ಲಿ ಅಪ್ಪನಿಗೆ ಅಮ್ಮ ಹೊರಗಿನವಳಾದಳು. 'ನನ್ ಹೆಂಡ್ತಿ ಜಾಗ್ದಲ್ಲಿ ಯಾರೋ ಬಂದು ಸೇರ್ಕೊಂಡವ್ಳೆ' ಅನ್ನುವ ನಂಬಿಕೆ ಗಟ್ಟಿಯಾಯಿತು. ಬರೆದು ನೋಡಿದೆವು. ಸಮಯಕ್ಕೆ, ಸದ್ದಿಗೆ, ಬೆಳಕಿಗೆ ಯಾವುದಕ್ಕೂ ತಾಳೆಯಾಗಲಿಲ್ಲ. ರಕ್ತ, ಮೂತ್ರ ಎಲ್ಲ ಪರೀಕ್ಷೆಯೂ ಸರಿಯಾಗಿತ್ತು. ಕೋಣೆಯ ಕನ್ನಡಿ ಮುಚ್ಚಿದೆವು, ಅಮ್ಮ ಊರಲ್ಲಿ ಉಡುತ್ತಿದ್ದ ಸೀರೆಗಳನ್ನೇ ಉಟ್ಟಳು. ಪ್ರಯೋಜನ ಇಲ್ಲ. ಒಂದು ರಾತ್ರಿ ಅಪ್ಪ ಅವಳ ಕೈ ತಿರುಚಿದ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಪ್ಲಾಸ್ಟರ್ ಹಾಕಿಸಿಕೊಂಡು ಬರುವಾಗ ಆಟೋದಲ್ಲಿ ಅಮ್ಮ ಹೇಳಿದ್ದು ಒಂದೇ ಮಾತು. "ನಿಮ್ಮಪ್ಪ ಹೊಡ್ದ ಅಂತ ಊರಲ್ಲಿ ಯಾರ್ಗೂ ಹೇಳ್ಬೇಡ ಕಣೋ. ನಲವತ್ತು ವರ್ಷ್ದಲ್ಲಿ ಒಂದ್ ದಿನಾನೂ ಕೈ ಎತ್ತಿದೋರಲ್ಲ."

ಮೊದಲಿನ ಮಾತ್ರೆಗಳನ್ನು ಇಳಿಸಿ ನಿಲ್ಲಿಸಿದ ಅದೇ ಡಾಕ್ಟರು ಈಗ ತಾವೇ ರಿಸ್ಪೆರಿಡೋನ್ ಬರೆದರು. ಆದರೆ ಬರೆದ ರೀತಿ ಬೇರೆ. ಮೊದಲು ಅಪ್ಪನಿಗೆ ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇಲ್ಲ ಅಂತ ಖಚಿತ ಮಾಡಿಕೊಂಡರು. ಇಲ್ಲದ ಜನ, ಪ್ರಾಣಿ ಕಣ್ಣಿಗೆ ಕಾಣುವುದು, ಪಾರ್ಕಿನ್ಸನ್ ಥರದ ಬಿಗಿತ ಇರುವ ಆ ಬಗೆಯಲ್ಲಿ ಇಂಥ ಮಾತ್ರೆ ಪ್ರಾಣಕ್ಕೇ ಎರವಾಗಬಹುದು. ಆಮೇಲೆ ನಮ್ಮನ್ನು ಕೂರಿಸಿ, ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಎಷ್ಟು ಹೆಚ್ಚುತ್ತದೆ ಅಂತ ಬಿಡಿಸಿ ಹೇಳಿದರು. ಅತಿ ಕಡಿಮೆ ಪ್ರಮಾಣ. ಗುರಿ ಒಂದೇ, ಅಮ್ಮನ ಮೇಲೆ ಕೈ ಮಾಡುವುದು ನಿಲ್ಲಬೇಕು. ಹಗಲು ತೂಕಡಿಸಿದರೆ, ಕಾಲೆಳೆದರೆ ಫೋನ್ ಮಾಡಬೇಕು. ಆರು ವಾರಕ್ಕೆ ಬಂದು, ಮುಂದುವರಿಸಬೇಕೇ ಬೇಡವೇ ಅಂತ ಹೊಸದಾಗಿ ತೀರ್ಮಾನ. ಬ್ರಿಟನ್ನಿನಲ್ಲಿ ಈ ಮಾತ್ರೆಗೆ ಆಲ್ಝೈಮರ್ ರೋಗಿಗಳ ಬಿಡದೆ ಮುಂದುವರಿಯುವ ಆಕ್ರಮಣಶೀಲತೆಗೆ ಕೊಟ್ಟಿರುವ ಅನುಮತಿಯೂ ಆರು ವಾರದ ಮಿತಿಯದ್ದೇ, ಅದೂ ಬೇರೆ ದಾರಿಗಳು ಫಲಿಸದಾಗ, ಯಾರಿಗಾದರೂ ಅಪಾಯ ಇದ್ದಾಗ. ಅಮೆರಿಕದಲ್ಲಿ 2023ರಲ್ಲಿ ಬ್ರೆಕ್ಸ್‌ಪಿಪ್ರಝೋಲ್ ಎಂಬ ಮಾತ್ರೆಗೆ ಈ ಕೆರಳುವಿಕೆಗೆಂದೇ ಮೊದಲ ಸಲ ಅನುಮತಿ ಸಿಕ್ಕಿತು. ಅದರ ಮೇಲೂ ಅದೇ ಸಾವಿನ ಎಚ್ಚರಿಕೆ ಇದೆ.

ಅಪ್ಪನನ್ನು ಕೇಳಿ ಕೊಟ್ಟ ಮಾತ್ರೆ ಅಲ್ಲ ಇದು. ಅವನು ಒಪ್ಪುವ, ಒಲ್ಲೆ ಅನ್ನುವ ಸ್ಥಿತಿಯಲ್ಲಿ ಇರಲಿಲ್ಲ. ಒಬ್ಬರ ಆಯಸ್ಸಿನ ಅಪಾಯದ ಮೇಲೆ ಇನ್ನೊಬ್ಬರ ಮೈಗೆ ರಕ್ಷಣೆ ಕೊಡುವ ತೀರ್ಮಾನ. ಡಾಕ್ಟರ ಹಳೆಯ ಪ್ರಶ್ನೆಗೆ ಈ ಸಲ ಉತ್ತರ ಅಮ್ಮನಿಗೆ ಅಂತಲೇ ಆಗಿತ್ತು, ಅದನ್ನು ನಾವು ಬಾಯಿಬಿಟ್ಟು ಹೇಳಿಕೊಂಡೆವು. ನೆನಪು ಇದ್ದಾಗಿನ ಅಪ್ಪನನ್ನು ಕೂರಿಸಿ, 'ನೀನು ಅಮ್ಮನ ಕೈ ಮುರಿಯುವಂಥ ದಿನ ಬಂದರೆ ಏನು ಮಾಡಲಿ' ಅಂತ ಕೇಳಿದ್ದರೆ ಅವನು ಏನು ಹೇಳುತ್ತಿದ್ದ ಅನ್ನೋದರಲ್ಲಿ ನನಗೆ, ಅಕ್ಕನಿಗೆ ಸಂಶಯ ಇರಲಿಲ್ಲ. ಆ ಅಪ್ಪನ ಮಾತಿನಂತೆ ಈ ಅಪ್ಪನಿಗೆ ಮಾತ್ರೆ ಕೊಟ್ಟೆವು.

ಹತ್ತು ದಿನಕ್ಕೆ ಆವೇಶ ಇಳಿಯಿತು. ನಂಬಿಕೆ ಪೂರ್ತಿ ಹೋಗಲಿಲ್ಲ, ಅದರೊಳಗಿನ ಸಿಟ್ಟು ಹೋಯಿತು. ಮನೆಯಲ್ಲಿ ಯಾರೋ ಒಬ್ಬ ಒಳ್ಳೆಯ ಹೆಂಗಸು ಇದ್ದಾಳೆ ಅನ್ನುವ ಮಟ್ಟಕ್ಕೆ ಬಂದ. ಆರನೇ ವಾರ ಡಾಕ್ಟರು ಪ್ರಮಾಣ ಅರ್ಧಕ್ಕೆ ಇಳಿಸಿದರು, ಆಮೇಲೆ ನಿಲ್ಲಿಸಿದರು. ಸಿಟ್ಟು ವಾಪಸ್ ಬರಲಿಲ್ಲ.

ಯಾಕೆ ಬರಲಿಲ್ಲ ಅಂದರೆ ಕಾಯಿಲೆ ಅಷ್ಟರಲ್ಲಿ ಮುಂದಕ್ಕೆ ಹೋಗಿತ್ತು. ಇದು ಯಾರೂ ಹೇಳದ ವಿಷಯ. ಈ ವರ್ತನೆಗಳು ಕಾಯಿಲೆಯ ಒಂದು ಹಂತದಲ್ಲಿ ಬರುತ್ತವೆ, ಇನ್ನೊಂದು ಹಂತದಲ್ಲಿ ತಾವಾಗಿಯೇ ಹೋಗುತ್ತವೆ. ಅದಕ್ಕೇ, ಮೂರು ವರ್ಷದ ಹಿಂದಿನ ಗಲಾಟೆಗೆ ಬರೆದ ಮಾತ್ರೆ ಗಲಾಟೆಯ ಶಕ್ತಿಯೇ ಇಲ್ಲದ ಮೈಗೆ ಇನ್ನೂ ಹೋಗುತ್ತಿರಬಹುದು. ಚೀಟಿಯನ್ನು ಯಾರೂ ಮತ್ತೆ ಓದದಿದ್ದರೆ ಮೆಡಿಕಲ್ ಸ್ಟೋರಿನವರು ಹಳೇ ಸ್ಟ್ರಿಪ್ ನೋಡಿ ಹೊಸದು ಕೊಡುತ್ತಲೇ ಇರುತ್ತಾರೆ. ಈಗ ಯಾವಾಗಲಾದರೂ ರಾತ್ರಿ ಮೋಟರ್ ಹಾಕಿದರೆ ಅಪ್ಪ ಏಳುವುದಿಲ್ಲ. ನೀರು ತಿರುಗಿಸಬೇಕಾದ ತೋಟವೇ ಅವನ ತಲೆಯಲ್ಲಿ ಉಳಿದಿಲ್ಲ. "ಗಲಾಟೆ ಮಾಡ್ತಿದ್ದಾಗ್ಲೇ ವಾಸಿಯಾಗಿತ್ತು ಕಣೋ" ಅಂತಾಳೆ ಅಮ್ಮ. "ತೋಟ ಅಂತ್ಲಾದ್ರೂ ಅಂತಿದ್ರು."

ಹಾಗಾಗಿ ಮಾತ್ರೆ ಸರಿಯೋ ಮಾತ್ರೆಯಿಲ್ಲದ ದಾರಿ ಸರಿಯೋ ಅಂತ ಕೇಳುವವರಿಗೆ ನಾನು ಪಕ್ಷ ಹಿಡಿದು ಹೇಳುವುದಿಲ್ಲ. ಕಾರಣ ಹುಡುಕದೆ ಕೊಟ್ಟ ಮಾತ್ರೆ ಅಪ್ಪನನ್ನು ಬೀಳಿಸಿತು. ಕಾರಣ ಹುಡುಕಿ, ದಿನ ಎಣಿಸಿ ಕೊಟ್ಟ ಅದೇ ಜಾತಿಯ ಮಾತ್ರೆ ಅಮ್ಮನನ್ನು ಉಳಿಸಿತು. ನಿಮ್ಮ ಮನೆಯಲ್ಲಿ ಈಗಾಗಲೇ ಇಂಥ ಮಾತ್ರೆ ನಡೆಯುತ್ತಿದ್ದರೆ ಇದನ್ನು ಓದಿ ನಾಳೆ ಬೆಳಗ್ಗೆ ನಿಲ್ಲಿಸಬೇಡಿ. ಹಠಾತ್ತನೆ ನಿಲ್ಲಿಸೋದೂ ಅಪಾಯವೇ. ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಿ. ಇದು ಯಾವ ವರ್ತನೆಗೆ? ನೋವು, ಸೋಂಕು ನೋಡಿದ್ದೀರಾ? ಲೂಯಿ ಬಾಡಿ ಅಲ್ಲ ತಾನೇ? ಎಷ್ಟು ದಿನ? ಯಾವತ್ತು ಇಳಿಸುತ್ತೀರಿ? ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಗಳಿಂದ ಬೇಜಾರಾಗೋದಿಲ್ಲ. ಮಾತಾಡಲು ಯಾರೂ ಸಿಗದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ, ನೋಡಿಕೊಳ್ಳುವವರ ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್‌ನ 14416 ಇದೆ. ಎರಡಕ್ಕೂ ದುಡ್ಡಿಲ್ಲ.

ಡಾಕ್ಟರನ್ನು ಕೇಳಲಾಗದ ಇನ್ನೊಂದು ಪ್ರಶ್ನೆ ಇದೆ, ಅದನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರು ತಮ್ಮತಮ್ಮಲ್ಲೇ ಕೇಳಿಕೊಳ್ಳಬೇಕು. ನೋಡಿಕೊಳ್ಳುವವರಿಗೆ ವಾರದಲ್ಲಿ ಎಷ್ಟು ಗಂಟೆ ರಜೆ? ನಮ್ಮ ಮನೆಯಲ್ಲಿ ಶನಿವಾರ ನನ್ನದು, ಭಾನುವಾರ ಅಕ್ಕ ಭಾವನದು, ಬುಧವಾರ ಮಧ್ಯಾಹ್ನ ಹೋಮ್ ನರ್ಸ್ ಬರುತ್ತಾರೆ. ಹೋದ ತಿಂಗಳು ಅಮ್ಮನ ಎಡಗಣ್ಣಿನ ಪೊರೆ ತೆಗೆಸಿದೆವು. ಬಲಗಣ್ಣಿಗೆ ಯುಗಾದಿ ಆದ ಮೇಲೆ ತಾರೀಕು ಸಿಕ್ಕಿದೆ.